ಎನಿಲಾಜಿಕ್‌ನಲ್ಲಿ ಇಂಪೋರ್ಟ್ ಸಾಲು ಎಲ್ಲಿ ಬರೆಯಬೇಕು?

ಎನಿಲಾಜಿಕ್ ಕಲಿಯಲು ಹೊರಟವರಿಗೆ ಮೊದಮೊದಲು ಎಲ್ಲವೂ ಸಲೀಸು. ಪ್ಯಾಲೆಟ್‌ನಿಂದ ಒಂದು ಸೋರ್ಸ್ ಎಳೆದು ಹಾಕುವುದು, ಪಕ್ಕಕ್ಕೆ ಒಂದು ಕ್ಯೂ, ಆಮೇಲೆ ಡಿಲೇ, ಕೊನೆಗೆ ಸಿಂಕ್. ಎಫ್5 ಒತ್ತಿದರೆ ಮಾದರಿ ಓಡುತ್ತದೆ. ಅಷ್ಟರಲ್ಲಿ ಪ್ರಾಜೆಕ್ಟ್ ಗೈಡ್ ಬಂದು, "ಒಪಿಡಿ ತೆರೆಯೋದು ಒಂಬತ್ತೂವರೆಗೆ. ರೋಗಿಗಳು ಅದಕ್ಕಿಂತ ಎಷ್ಟು ನಿಮಿಷ ಮೊದಲೇ ಬಂದು ಕೂರ್ತಾರೆ, ಅದನ್ನೂ ಲೆಕ್ಕ ಹಾಕಿ ತೋರ್ಸಿ" ಎನ್ನುತ್ತಾರೆ. ಗಡಿಯಾರದ ಲೆಕ್ಕಕ್ಕೆಂದೇ ಜಾವಾದಲ್ಲಿ ಲೋಕಲ್‌ಟೈಮ್ ಎಂಬ ಸಿದ್ಧ ಕ್ಲಾಸ್ ಇದೆ. ಸರಿ, ಅದನ್ನೇ ಬರೆಯುತ್ತೀರಿ. ಕೆಳಗಿನ ಪ್ರಾಬ್ಲೆಮ್ಸ್ ಪಟ್ಟಿಯಲ್ಲಿ ಕೆಂಪು ಗುರುತು ಬೀಳುತ್ತದೆ: "ಲೋಕಲ್‌ಟೈಮ್ ಕೆನಾಟ್ ಬಿ ರಿಸಾಲ್ವ್ಡ್ ಟು ಎ ಟೈಪ್." ಅಂದರೆ, ಈ ಹೆಸರಿನವರು ಯಾರೆಂದು ನನಗೆ ಗೊತ್ತಿಲ್ಲ ಎಂದು ಕಂಪೈಲರ್ ಹೇಳುತ್ತಿದೆ. ನೀವು ಬರೆದ ಕೋಡನ್ನು ಯಂತ್ರಕ್ಕೆ ಅರ್ಥವಾಗುವ ರೂಪಕ್ಕೆ ತಿರುಗಿಸುವ ಭಾಗವೇ ಕಂಪೈಲರ್.

ಕ್ಲಾಸ್ ಇರುವುದು ನಿಜ. ಅದು ನಿಮ್ಮ ಕಂಪ್ಯೂಟರಿನಲ್ಲೇ ಇದೆ. ಆದರೂ ಸಿಗುತ್ತಿಲ್ಲ. ಇದು ಏಕೆ ಹೀಗೆ, ಸರಿಪಡಿಸುವುದು ಹೇಗೆ, ಸರಿಪಡಿಸಿದ ಮೇಲೂ ಎಲ್ಲೆಲ್ಲಿ ಎಡವಬಹುದು ಎಂಬುದನ್ನು ನೋಡೋಣ.

ಮೊದಲಿಗೆ ಒಂದು ಸೂಚನೆ. ಇಲ್ಲಿ ಕೋಡನ್ನು ಓದಲು ಅನುಕೂಲವಾಗಲೆಂದು ಕನ್ನಡ ಅಕ್ಷರದಲ್ಲಿ ಕೊಟ್ಟಿದ್ದೇನೆ. ಟೈಪ್ ಮಾಡುವಾಗ ಇಂಗ್ಲಿಷ್ ಅಕ್ಷರವೇ ಬೇಕು, ದೊಡ್ಡಕ್ಷರ ಸಣ್ಣಕ್ಷರದ ಕಟ್ಟುನಿಟ್ಟೂ ಬೇಕು. ಜಾವಾದ ವಾಡಿಕೆಯಂತೆ ಕ್ಲಾಸ್ ಹೆಸರು ದೊಡ್ಡಕ್ಷರದಿಂದ ಆರಂಭವಾಗುತ್ತದೆ. ಲೋಕಲ್‌ಟೈಮ್‌ನಲ್ಲಿ ಎಲ್ ಮತ್ತು ಟಿ ಎರಡೂ ದೊಡ್ಡವು. ಅದರ ಹಿಂದೆ ಬರುವ ಪ್ಯಾಕೇಜ್ ಹೆಸರು ಪೂರ್ತಿ ಸಣ್ಣಕ್ಷರ.

ಹೆಸರು ಮತ್ತು ಮನೆತನ

ಎನಿಲಾಜಿಕ್ ಸಿಮ್ಯುಲೇಶನ್ ತಂತ್ರಾಂಶ. ಆಸ್ಪತ್ರೆಯ ಸರತಿ, ಕಾರ್ಖಾನೆಯ ಸಾಲು, ಗೋದಾಮು, ಬಂದರು, ರೈಲು ಯಾರ್ಡು, ಇಂಥವು ಹೇಗೆ ನಡೆಯುತ್ತವೆ ಎಂಬುದನ್ನು ನಿಜವಾಗಿ ಕಟ್ಟುವ ಮೊದಲೇ ಕಂಪ್ಯೂಟರಿನಲ್ಲಿ ಓಡಿಸಿ ನೋಡಲು ಬಳಸುತ್ತಾರೆ. ರಷ್ಯಾದ ಸೇಂಟ್ ಪೀಟರ್ಸ್‌ಬರ್ಗ್‌ನಲ್ಲಿ ಹುಟ್ಟಿದ ಎಕ್ಸ್‌ಜೆ ಟೆಕ್ನಾಲಜೀಸ್ ಎಂಬ ಕಂಪನಿ 2000ದಲ್ಲಿ ಇದನ್ನು ಹೊರತಂದಿತು. ನೀವು ಚಿತ್ರದಂತೆ ಜೋಡಿಸಿದ ಮಾದರಿಯನ್ನು ಅದು ಒಳಗೊಳಗೇ ಜಾವಾ ಪ್ರೋಗ್ರಾಮ್ ಆಗಿ ಬರೆದುಕೊಳ್ಳುತ್ತದೆ. ಪರದೆಯ ಚೌಕಟ್ಟು ಎಕ್ಲಿಪ್ಸ್‌ನದು. ಕಾಲೇಜಿನಲ್ಲಿ ಎಕ್ಲಿಪ್ಸ್ ಬಳಸಿ ಜಾವಾ ಕಲಿತವರಿಗೆ ಇಲ್ಲಿನ ದೋಷ ಸಂದೇಶಗಳು ಪರಿಚಿತವೆನಿಸುವುದು ಇದೇ ಕಾರಣಕ್ಕೆ.

ಜಾವಾ ಜೊತೆಗೇ ಬರುವ ಸಾವಿರಾರು ಸಿದ್ಧ ಕ್ಲಾಸ್‌ಗಳ ಸಂಗ್ರಹಕ್ಕೆ ಸ್ಟ್ಯಾಂಡರ್ಡ್ ಲೈಬ್ರರಿ ಎನ್ನುತ್ತಾರೆ. ಪಟ್ಟಿ ಇಟ್ಟುಕೊಳ್ಳಲು, ದಿನಾಂಕ ಲೆಕ್ಕ ಹಾಕಲು, ಕಡತ ಓದಲು, ಸಂಖ್ಯೆಯನ್ನು ಚೆಂದವಾಗಿ ಮುದ್ರಿಸಲು ಎಲ್ಲಕ್ಕೂ ಅಲ್ಲಿ ಒಂದೊಂದು ಕ್ಲಾಸ್ ಇದೆ. ಇಷ್ಟು ಕ್ಲಾಸ್‌ಗಳಿಗೆ ಹೆಸರಿಡುವಾಗ ಒಂದೇ ಹೆಸರು ಎರಡು ಕಡೆ ಬಂದೇ ಬರುತ್ತದೆ. ಹಾಗಾಗಿ ಅವನ್ನು ಪ್ಯಾಕೇಜ್‌ಗಳಾಗಿ, ಅಂದರೆ ಗುಂಪುಗಳಾಗಿ, ವಿಂಗಡಿಸಿದ್ದಾರೆ. ಊರಲ್ಲಿ ಇಬ್ಬರು ಮಂಜುನಾಥರಿದ್ದರೆ ಮೇಲಿನಮನೆ ಮಂಜುನಾಥ, ಕೆರೆಮನೆ ಮಂಜುನಾಥ ಎನ್ನುವುದಿಲ್ಲವೇ, ಹಾಗೆ. ಲೋಕಲ್‌ಟೈಮ್‌ನ ಪೂರ್ತಿ ಹೆಸರು "ಜಾವಾ.ಟೈಮ್.ಲೋಕಲ್‌ಟೈಮ್". ಮೊದಲೆರಡು ಪದ ಅದರ ಮನೆತನ.

ಇಂಪೋರ್ಟ್ ಎಂಬ ಸಾಲು ಮಾಡುವುದು ಇಷ್ಟೇ ಕೆಲಸ: "ಇನ್ನು ಮುಂದೆ ಈ ಕಡತದಲ್ಲಿ ನಾನು ಬರೀ ಲೋಕಲ್‌ಟೈಮ್ ಎಂದರೆ ಜಾವಾ.ಟೈಮ್‌ನಲ್ಲಿರುವುದು ಎಂದು ತಿಳಿದುಕೋ" ಎಂದು ಕಂಪೈಲರ್‌ಗೆ ಹೇಳುವುದು. ಎಲ್ಲಿಂದಲೋ ಏನನ್ನೋ ತರುವುದಿಲ್ಲ, ಡೌನ್‌ಲೋಡ್ ಮಾಡುವುದಿಲ್ಲ, ಮೆಮೊರಿಗೆ ಏನನ್ನೂ ತುಂಬುವುದಿಲ್ಲ. ಈ ಒಂದು ಮಾತು ತಲೆಯಲ್ಲಿ ಕೂತರೆ ಮುಂದಿನ ಅರ್ಧ ಗೊಂದಲ ಅಲ್ಲೇ ಮುಗಿಯುತ್ತದೆ. "ತುಂಬಾ ಇಂಪೋರ್ಟ್ ಬರೆದರೆ ಮಾದರಿ ನಿಧಾನವಾಗುತ್ತದಾ?" ಎಂದು ಕೇಳುವವರಿದ್ದಾರೆ. ಆಗುವುದಿಲ್ಲ. ಕಂಪೈಲ್ ಮುಗಿದ ಮೇಲೆ ಆ ಸಾಲುಗಳ ಕೆಲಸವೂ ಮುಗಿಯಿತು.

ಏಕೆ ಅಲ್ಲೇ ಬರೆದರೆ ಆಗುವುದಿಲ್ಲ?

ಹೆಚ್ಚಿನವರು ಮೊದಲು ಮಾಡುವ ಪ್ರಯತ್ನ ಒಂದೇ. ಕ್ಯೂ ಬ್ಲಾಕ್‌ನ "ಆನ್ ಎಂಟರ್" ಪೆಟ್ಟಿಗೆಯಲ್ಲಿ, ಅಂದರೆ ರೋಗಿ ಸರತಿಗೆ ಸೇರಿದಾಗ ಏನು ಮಾಡಬೇಕೆಂದು ಬರೆಯುವ ಜಾಗದಲ್ಲಿ, ಮೊದಲ ಸಾಲಾಗಿ ಇಂಪೋರ್ಟ್ ಬರೆಯುವುದು. ಪುಸ್ತಕದಲ್ಲಿ ಕೋಡಿನ ಮೊದಲ ಸಾಲು ಅದೇ ತಾನೇ. ಇಲ್ಲಿ ಮಾತ್ರ ಒಂದು ದೋಷ ಇದ್ದದ್ದು ಎರಡಾಗುತ್ತದೆ.

ಕಾರಣ ತಿಳಿಯಬೇಕಾದರೆ ಎನಿಲಾಜಿಕ್ ಬರೆದುಕೊಳ್ಳುವ ಜಾವಾ ಕಡತವನ್ನು ಒಮ್ಮೆ ಕಣ್ಣಾರೆ ನೋಡುವುದು ಒಳ್ಳೆಯದು. ಎಡಗಡೆ ಪ್ರಾಜೆಕ್ಟ್ಸ್ ಪಟ್ಟಿಯಲ್ಲಿ ಮೇನ್ ಮೇಲೆ ಬಲಗುಂಡಿ ಒತ್ತಿ, "ಓಪನ್ ವಿತ್", ಅದರೊಳಗೆ "ಜಾವಾ ಎಡಿಟರ್" ಆರಿಸಿ. ಉದ್ದನೆಯ ಕಡತ ತೆರೆಯುತ್ತದೆ. ಅದನ್ನು ಓದಬಹುದು, ತಿದ್ದಲಾಗದು. ತಲೆಯ ಮೇಲೆ ಪ್ಯಾಕೇಜ್ ಹೆಸರು. ಅದರ ಕೆಳಗೆ ಸಾಲುಸಾಲು ಇಂಪೋರ್ಟ್. ಅದಾದ ಮೇಲೆ "ಕ್ಲಾಸ್ ಮೇನ್" ಆರಂಭ. ನೀವು ಮಾಡಿದ ಪ್ರತಿಯೊಂದು ಏಜೆಂಟ್ ಟೈಪ್, ಅಂದರೆ ಮಾದರಿಯೊಳಗಿನ ರೋಗಿ, ವೈದ್ಯ, ಟ್ರಕ್ಕು ಮುಂತಾದ ಪಾತ್ರದ ನಮೂನೆ, ಹೀಗೇ ಒಂದೊಂದು ಜಾವಾ ಕ್ಲಾಸ್ ಆಗುತ್ತದೆ. "ಆನ್ ಎಂಟರ್" ಪೆಟ್ಟಿಗೆಯಲ್ಲಿ ನೀವು ಬರೆದದ್ದು ಆ ಕಡತದ ನಡುವೆ ಎಲ್ಲೋ ಒಂದು ಮೆಥಡ್‌ನ ಹೊಟ್ಟೆಯೊಳಗೆ ಹೋಗಿ ಕೂತಿರುತ್ತದೆ. ಮೆಥಡ್ ಎಂದರೆ ಕ್ಲಾಸ್ ಒಳಗಿನ ಒಂದು ಕೆಲಸದ ತುಣುಕು.

ಜಾವಾದ ನಿಯಮವೋ ಬಿಗಿ. ಇಂಪೋರ್ಟ್ ಕಡತದ ತಲೆಯಲ್ಲೇ ಇರಬೇಕು, ಕ್ಲಾಸ್ ಆರಂಭವಾಗುವ ಮೊದಲು. ಮೆಥಡ್ ಒಳಗೆ ಇಂಪೋರ್ಟ್ ಎಂಬುದೇ ಇಲ್ಲ. ನಿಮ್ಮ ಕಣ್ಣಿಗೆ ಆ ಪೆಟ್ಟಿಗೆಯ ಮೊದಲ ಸಾಲು ಆರಂಭವಾಗಿ ಕಾಣುತ್ತದೆ. ಕಂಪೈಲರ್ ಕಣ್ಣಿಗೆ ಅದು ಕಡತದ ಮುನ್ನೂರನೆಯದೋ ಐನೂರನೆಯದೋ ಸಾಲು.

ಹಾಗಾದರೆ ತಲೆಯ ಭಾಗಕ್ಕೆ ನಮ್ಮ ಸಾಲನ್ನು ಸೇರಿಸುವುದು ಹೇಗೆ, ಕಡತ ತಿದ್ದಲು ಬಿಡುವುದಿಲ್ಲವಲ್ಲ? ಅದಕ್ಕೆಂದೇ ಒಂದು ಜಾಗ ಇಟ್ಟಿದ್ದಾರೆ. ಪ್ರಾಜೆಕ್ಟ್ಸ್ ಪಟ್ಟಿಯಲ್ಲಿ ಏಜೆಂಟ್ ಟೈಪ್ ಹೆಸರಿನ ಮೇಲೆ ಒತ್ತಿ. ಬಲಗಡೆ ಪ್ರಾಪರ್ಟೀಸ್ ಫಲಕ ಬರುತ್ತದೆ. ಕೆಳಗೆ ಸರಿಯುತ್ತಾ ಹೋದರೆ "ಅಡ್ವಾನ್ಸ್ಡ್ ಜಾವಾ" ಎಂಬ ಮಡಿಕೆ. ಹೆಸರಿಗೆ ಹೆದರಬೇಡಿ, ತೆರೆಯಿರಿ. ಅಲ್ಲಿ "ಇಂಪೋರ್ಟ್ಸ್ ಸೆಕ್ಷನ್" ಎಂಬ ಪೆಟ್ಟಿಗೆ ಇದೆ. ಅದರಲ್ಲಿ ಹೀಗೆ ಬರೆಯಿರಿ:

ಇಂಪೋರ್ಟ್ ಜಾವಾ.ಟೈಮ್.ಲೋಕಲ್‌ಟೈಮ್;

ಕೊನೆಯ ಅರ್ಧವಿರಾಮ, ಅಂದರೆ ಸೆಮಿಕೋಲನ್, ಮರೆಯಬೇಡಿ. ಎಫ್7 ಒತ್ತಿ ಮಾದರಿಯನ್ನು ಮತ್ತೆ ಬಿಲ್ಡ್ ಮಾಡಿ. ಕೆಂಪು ಗುರುತು ಹೋಗುತ್ತದೆ.

ಒಂದೇ ಒಂದು ಸಲ ಬಳಸುವುದಿದ್ದರೆ ಇಷ್ಟೂ ಬೇಡ. ಕೋಡಿನಲ್ಲೇ ಪೂರ್ತಿ ಹೆಸರು ಬರೆಯಬಹುದು: ಲೋಕಲ್‌ಟೈಮ್ ಎನ್ನುವ ಬದಲು ಜಾವಾ.ಟೈಮ್.ಲೋಕಲ್‌ಟೈಮ್. ಇಂಪೋರ್ಟ್ ಇಲ್ಲದೆಯೇ ನಡೆಯುತ್ತದೆ. ಉದ್ದ ಹೆಚ್ಚು, ಆದರೆ ನಾಳೆ ಬೇರೆಯವರು ಓದುವಾಗ ಇದು ಎಲ್ಲಿಯದು ಎಂದು ಹುಡುಕಬೇಕಾಗಿಲ್ಲ. ಸಣ್ಣ ಮಾದರಿಯಲ್ಲಿ ನನಗೆ ಇದೇ ಹೆಚ್ಚು ಇಷ್ಟ. ವೇರಿಯಬಲ್ ಅಥವಾ ಪ್ಯಾರಾಮೀಟರ್‌ನ ಟೈಪ್ ಆರಿಸುವಾಗ "ಅದರ್" ಒತ್ತಿ ಕ್ಲಾಸ್ ಹೆಸರು ತುಂಬುವ ಜಾಗದಲ್ಲೂ ಇದೇ ನಿಯಮ. ಇಂಪೋರ್ಟ್ ಇದ್ದರೆ ಚಿಕ್ಕ ಹೆಸರು, ಇಲ್ಲದಿದ್ದರೆ ಪೂರ್ತಿ ಹೆಸರು.

"ಮೇನ್‌ನಲ್ಲಿ ಬರೆದಿದ್ದೇನೆ, ಆದರೂ ರೋಗಿ ಏಜೆಂಟ್ ಒಳಗೆ ಕೆಂಪು ಬರುತ್ತಿದೆ" ಎಂಬುದು ಇನ್ನೊಂದು ಸಾಮಾನ್ಯ ದೂರು. ಕಡತ ಬೇರೆ, ಇಂಪೋರ್ಟೂ ಬೇರೆ. ಮೇನ್‌ನ ಪೆಟ್ಟಿಗೆ ಮೇನ್‌ಗೆ ಮಾತ್ರ. ರೋಗಿ ಎಂಬ ಏಜೆಂಟ್ ಟೈಪ್‌ಗೆ ಅದರದೇ ಅಡ್ವಾನ್ಸ್ಡ್ ಜಾವಾ ಮಡಿಕೆ ಇದೆ, ಅಲ್ಲೂ ಬರೆಯಬೇಕು. ಸಿಮ್ಯುಲೇಶನ್ ಎಕ್ಸ್‌ಪೆರಿಮೆಂಟ್, ಅಂದರೆ ಮಾದರಿಯನ್ನು ಓಡಿಸುವ ಏರ್ಪಾಡು, ಅದಕ್ಕೂ ಪ್ರತ್ಯೇಕ ಪೆಟ್ಟಿಗೆ ಇದೆ. ಮಾದರಿ ಮುಗಿದ ಮೇಲೆ ಫಲಿತಾಂಶ ಬರೆಯುವ ಕೋಡನ್ನು ಎಕ್ಸ್‌ಪೆರಿಮೆಂಟಿನಲ್ಲಿ ಹಾಕಿದವರು ಇದನ್ನು ಮರೆತು ತಲೆ ಕೆರೆದುಕೊಳ್ಳುವುದುಂಟು. ಒಂದು ಏಜೆಂಟ್ ಒಳಗೆ ನೀವು ಮಾಡಿದ ಫಂಕ್ಷನ್‌ಗಳಿಗೆ ಮಾತ್ರ ಬೇರೆ ಇಂಪೋರ್ಟ್ ಬೇಡ. ಅವು ಆ ಏಜೆಂಟಿನ ಕಡತದೊಳಗೇ ಇರುತ್ತವೆ. ಪ್ರಾಜೆಕ್ಟಿಗೆ ನೀವೇ ಸೇರಿಸಿದ ಜಾವಾ ಕ್ಲಾಸ್ ಆದರೆ ಇಡೀ ಕಡತ ನಿಮ್ಮ ಕೈಯಲ್ಲೇ ಇರುತ್ತದೆ, ತಲೆಯ ಮೇಲೆ ನೇರವಾಗಿ ಬರೆಯಿರಿ.

ಇನ್ನು, ಪ್ರತಿಯೊಂದಕ್ಕೂ ಇಂಪೋರ್ಟ್ ಬೇಕೆಂದು ತಿಳಿಯಬೇಡಿ. ಸ್ಟ್ರಿಂಗ್, ಮ್ಯಾಥ್, ಇಂಟೀಜರ್ ಮುಂತಾದವು ಇರುವ ಜಾವಾ.ಲ್ಯಾಂಗ್ ಎಂಬ ಪ್ಯಾಕೇಜ್ ಜಾವಾದ ಎಲ್ಲ ಕಡತಕ್ಕೂ ತಾನಾಗಿಯೇ ಬರುತ್ತದೆ. ಅದರ ಮೇಲೆ ಎನಿಲಾಜಿಕ್ ಕೂಡ ದಿನಬಳಕೆಯ ಹಲವನ್ನು ಸೇರಿಸಿಯೇ ಕೊಡುತ್ತದೆ. ಅರೇಲಿಸ್ಟ್, ಲಿಂಕ್ಡ್‌ಲಿಸ್ಟ್, ಹ್ಯಾಶ್‌ಮ್ಯಾಪ್, ಅರೇಸ್, ಕಲೆಕ್ಷನ್ಸ್, ಡೇಟ್ ಎಲ್ಲ ಆಗಲೇ ಅಲ್ಲಿವೆ. ಗಣಿತದ ಫಂಕ್ಷನ್‌ಗಳನ್ನಂತೂ ಸ್ಟ್ಯಾಟಿಕ್ ಇಂಪೋರ್ಟ್ ಎಂಬ ಬಗೆಯಲ್ಲಿ ತಂದಿರುವುದರಿಂದ, ವರ್ಗಮೂಲಕ್ಕೆ "ಮ್ಯಾಥ್.ಎಸ್‌ಕ್ಯುಆರ್‌ಟಿ" ಎನ್ನುವ ಅಗತ್ಯವಿಲ್ಲ, ಬರೀ "ಎಸ್‌ಕ್ಯುಆರ್‌ಟಿ" ಸಾಕು. ಯಾವುದು ಇದೆ, ಯಾವುದು ಇಲ್ಲ ಎಂಬ ಅನುಮಾನ ಬಂದರೆ ಆಗಲೇ ಹೇಳಿದ ಜಾವಾ ಎಡಿಟರ್‌ನಲ್ಲಿ ಕಡತದ ತಲೆ ನೋಡಿ.

ನಕ್ಷತ್ರದ ಮಿತಿ

ಒಂದೊಂದೇ ಹೆಸರು ಬರೆಯುವ ಬದಲು ಕೊನೆಗೆ ನಕ್ಷತ್ರ ಹಾಕಬಹುದು:

ಇಂಪೋರ್ಟ್ ಜಾವಾ.ಟೈಮ್.*;

ಜಾವಾ.ಟೈಮ್‌ನ ಎಲ್ಲ ಕ್ಲಾಸ್‌ಗಳೂ ಚಿಕ್ಕ ಹೆಸರಿನಲ್ಲಿ ಸಿಗುತ್ತವೆ. ಆದರೆ ಒಂದು ಮೆಟ್ಟಿಲು ಮಾತ್ರ. ಜಾವಾ.ಟೈಮ್.ಟೆಂಪೊರಲ್ ಎಂಬುದು ಹೆಸರಿನಲ್ಲಿ ಜಾವಾ.ಟೈಮ್‌ನ ಒಳಗಿರುವಂತೆ ಕಂಡರೂ ಜಾವಾ ಅದನ್ನು ಬೇರೆಯೇ ಪ್ಯಾಕೇಜ್ ಎಂದು ಎಣಿಸುತ್ತದೆ. ನಕ್ಷತ್ರ ಅಲ್ಲಿಯವರೆಗೆ ಇಳಿಯುವುದಿಲ್ಲ. ನಮ್ಮ ಒಪಿಡಿ ಲೆಕ್ಕದಲ್ಲೇ ಇದು ಅಡ್ಡ ಬರುತ್ತದೆ. ಎರಡು ಹೊತ್ತಿನ ನಡುವಿನ ನಿಮಿಷ ಎಣಿಸುವ ಕ್ರೋನೊಯುನಿಟ್ ಇರುವುದು ಆ ಟೆಂಪೊರಲ್‌ನಲ್ಲಿ. ಹಾಗಾಗಿ ಎರಡು ಸಾಲು ಬೇಕು:

ಇಂಪೋರ್ಟ್ ಜಾವಾ.ಟೈಮ್.*;
ಇಂಪೋರ್ಟ್ ಜಾವಾ.ಟೈಮ್.ಟೆಂಪೊರಲ್.ಕ್ರೋನೊಯುನಿಟ್;

ಈಗ ಕ್ಯೂ ಬ್ಲಾಕ್‌ನ ಆನ್ ಎಂಟರ್‌ನಲ್ಲಿ ಬರೆಯಬೇಕಾದದ್ದು ಇಷ್ಟು:

ಲೋಕಲ್‌ಟೈಮ್ ಓಪನ್ಸ್ = ಲೋಕಲ್‌ಟೈಮ್.ಆಫ್(9, 30);
ಲೋಕಲ್‌ಟೈಮ್ ಅರೈವ್ಡ್ = ಲೋಕಲ್‌ಟೈಮ್.ಆಫ್(ಗೆಟ್‌ಅವರ್‌ಆಫ್‌ಡೇ(), ಗೆಟ್‌ಮಿನಿಟ್());
ಲಾಂಗ್ ಅರ್ಲಿ = ಕ್ರೋನೊಯುನಿಟ್.ಮಿನಿಟ್ಸ್.ಬಿಟ್ವೀನ್(ಅರೈವ್ಡ್, ಓಪನ್ಸ್);
ಟ್ರೇಸ್‌ಎಲ್‌ಎನ್(ಅರ್ಲಿ);

ಮೂರನೇ ಸಾಲಿನ ಮಿನಿಟ್ಸ್ ಪೂರ್ತಿ ದೊಡ್ಡಕ್ಷರದಲ್ಲಿರಬೇಕು. ರೋಗಿ 9 ಗಂಟೆಗೆ ಬಂದರೆ ಕನ್ಸೋಲ್‌ನಲ್ಲಿ 30 ಎಂದು ಬರುತ್ತದೆ, 9:45ಕ್ಕೆ ಬಂದರೆ ಮೈನಸ್ 15. ಗೆಟ್‌ಅವರ್‌ಆಫ್‌ಡೇ ಮತ್ತು ಗೆಟ್‌ಮಿನಿಟ್ ಎರಡೂ ಎನಿಲಾಜಿಕ್‌ನ ಸ್ವಂತ ಫಂಕ್ಷನ್‌ಗಳು, ಇಂಪೋರ್ಟ್ ಬೇಡ. ಎಕ್ಸ್‌ಪೆರಿಮೆಂಟಿನ ಮಾಡೆಲ್ ಟೈಮ್ ಭಾಗದಲ್ಲಿ ಕೊಟ್ಟ ಆರಂಭದ ದಿನಾಂಕ, ಹೊತ್ತು ಏನಿದೆಯೋ ಅಲ್ಲಿಂದ ಅವು ಎಣಿಸುತ್ತವೆ. ಅದನ್ನು ಮೊದಲು ಸರಿಯಾಗಿ ತುಂಬಿರಿ.

ನಕ್ಷತ್ರದ ಇನ್ನೊಂದು ತೊಡಕು ಹೆಸರಿನ ಘರ್ಷಣೆ. ಜಾವಾ.ಯುಟಿಲ್‌ನಲ್ಲಿ ಒಂದು ಲಿಸ್ಟ್ ಇದೆ, ಕಿಟಕಿ ಬಿಡಿಸುವ ಜಾವಾ.ಎಡಬ್ಲ್ಯುಟಿ ಎಂಬ ಪ್ಯಾಕೇಜಿನಲ್ಲೂ ಒಂದು ಲಿಸ್ಟ್ ಇದೆ. ಎರಡನ್ನೂ ನಕ್ಷತ್ರ ಹಾಕಿ ಕರೆದು ಬರೀ ಲಿಸ್ಟ್ ಎಂದರೆ ಕಂಪೈಲರ್ "ಆಂಬಿಗ್ಯುಯಸ್" ಎನ್ನುತ್ತದೆ, ಯಾವ ಮನೆತನದ್ದೆಂದು ಗೊತ್ತಾಗುತ್ತಿಲ್ಲ ಎಂದರ್ಥ. ಡೇಟ್ ಕೂಡ ಹೀಗೇ, ಜಾವಾ.ಯುಟಿಲ್‌ನಲ್ಲೊಂದು, ಡೇಟಾಬೇಸಿಗೆ ಸಂಬಂಧಿಸಿದ ಜಾವಾ.ಎಸ್‌ಕ್ಯುಎಲ್‌ನಲ್ಲೊಂದು. ಬೇಕಾದ ಒಂದನ್ನು ಹೆಸರು ಹಿಡಿದು ಇಂಪೋರ್ಟ್ ಮಾಡಿದರೆ ಗೊಂದಲ ತೀರುತ್ತದೆ. ಹೆಸರು ಹಿಡಿದು ಕರೆದದ್ದಕ್ಕೆ ಮೊದಲ ಮರ್ಯಾದೆ, ಆಮೇಲೆ ನಿಮ್ಮದೇ ಪ್ಯಾಕೇಜಿನ ಕ್ಲಾಸ್, ನಕ್ಷತ್ರದಿಂದ ಬಂದದ್ದು ಕೊನೆಗೆ. ಇದು ಜಾವಾ ಪಾಲಿಸುವ ಕ್ರಮ.

ಈ ಕ್ರಮದಿಂದ ಒಂದು ಬುದ್ಧಿವಾದವೂ ಹೊರಡುತ್ತದೆ. ನಿಮ್ಮ ಏಜೆಂಟ್ ಟೈಪ್‌ಗೆ ಡೇಟ್, ಲಿಸ್ಟ್, ಕ್ಯಾಲೆಂಡರ್, ಟೈಮರ್ ಎಂಬಂಥ ಹೆಸರಿಡಬೇಡಿ. ಸ್ಟ್ಯಾಂಡರ್ಡ್ ಲೈಬ್ರರಿಯಲ್ಲಿ ಆ ಹೆಸರಿನವರು ಆಗಲೇ ಇದ್ದಾರೆ. ಪೇಷೆಂಟ್, ಟ್ರಕ್, ಟೋಕನ್‌ಕೌಂಟರ್ ಎಂದು ಇಡಿ, ನೆಮ್ಮದಿ.

ಕರೆಯುವ ಮೊದಲು ಯೋಚಿಸಬೇಕಾದ ಕ್ಲಾಸ್‌ಗಳು

ಇಲ್ಲಿಯವರೆಗಿನದು ಕೆಂಪು ಗುರುತು ಹೋಗಿಸುವ ವಿಷಯ. ಕೆಂಪು ಗುರುತು ಬಂದರೆ ಒಂದು ರೀತಿಯಲ್ಲಿ ಒಳ್ಳೆಯದೇ, ತಪ್ಪು ಎಲ್ಲಿದೆ ಎಂದು ಕಣ್ಣಿಗೆ ಕಾಣುತ್ತದೆ. ಕಂಪೈಲರ್ ಸುಮ್ಮನಿದ್ದು, ಮಾದರಿ ಚೆನ್ನಾಗಿ ಓಡಿ, ಉತ್ತರ ಮಾತ್ರ ತಪ್ಪಾಗಿ ಬರುವುದಿದೆಯಲ್ಲ, ಅದು ಕಷ್ಟ. ಸ್ಟ್ಯಾಂಡರ್ಡ್ ಲೈಬ್ರರಿಯ ಕೆಲವು ಕ್ಲಾಸ್‌ಗಳು ಸಿಮ್ಯುಲೇಶನ್ ಒಳಗೆ ಹೀಗೆ ಕೈಕೊಡುತ್ತವೆ. ತಪ್ಪು ಆ ಕ್ಲಾಸ್‌ಗಳದ್ದಲ್ಲ. ಅವನ್ನು ಬರೆದವರು ನಿಜವಾದ ಗಡಿಯಾರ, ನಿಜವಾದ ಯಾದೃಚ್ಛಿಕತೆಯನ್ನು ಮನಸ್ಸಿನಲ್ಲಿಟ್ಟು ಬರೆದರು. ನಮಗೆ ಬೇಕಾದದ್ದು ಮಾದರಿಯ ಗಡಿಯಾರ, ಮಾದರಿಯ ಅದೃಷ್ಟ.

ಗಡಿಯಾರವನ್ನೇ ತೆಗೆದುಕೊಳ್ಳಿ. ಲೋಕಲ್‌ಟೈಮ್‌ಗೆ "ನೌ" ಎಂಬ ಮೆಥಡ್ ಇದೆ, ಈಗ ಎಷ್ಟು ಗಂಟೆ ಎಂದು ಹೇಳುತ್ತದೆ. ಯಾರ ಗಂಟೆ? ನಿಮ್ಮ ಮೇಜಿನ ಮೇಲಿರುವ ಕಂಪ್ಯೂಟರಿನದು. ಮಾದರಿಯೊಳಗೆ ಬೆಳಗಿನ ಒಂಬತ್ತಾಗಿದ್ದು, ನೀವು ರಾತ್ರಿ ಹನ್ನೊಂದಕ್ಕೆ ಓಡಿಸುತ್ತಿದ್ದರೆ, ಎಲ್ಲ ರೋಗಿಗಳೂ ರಾತ್ರಿ ಹನ್ನೊಂದಕ್ಕೆ ಬಂದಂತೆ ದಾಖಲಾಗುತ್ತಾರೆ. ಮಾದರಿಯ ಒಂದು ಇಡೀ ದಿನ ನಿಜದ ಎರಡು ಸೆಕೆಂಡಿನಲ್ಲಿ ಮುಗಿದುಹೋಗಬಹುದು, ಆಗ ಎಲ್ಲರ ಕಾಯುವಿಕೆಯೂ ಸೊನ್ನೆ. "ನ್ಯೂ ಡೇಟ್()" ಎಂದು ಬರೆದರೂ ಇದೇ ಫಜೀತಿ. ಡೇಟ್ ಆಗಲೇ ಇಂಪೋರ್ಟ್ ಆಗಿರುವುದರಿಂದ ಕಂಪೈಲರ್ ಚಕಾರ ಎತ್ತುವುದಿಲ್ಲ. ಮಾದರಿಯ ಸಮಯ ಬೇಕಾದರೆ ಎನಿಲಾಜಿಕ್‌ನ "ಟೈಮ್()" ಅಥವಾ "ಡೇಟ್()" ಕೇಳಬೇಕು. ಮೊದಲನೆಯದು ಆರಂಭದಿಂದ ಎಷ್ಟು ಹೊತ್ತು ಕಳೆಯಿತೆಂದು ಸಂಖ್ಯೆಯಲ್ಲಿ ಹೇಳುತ್ತದೆ, ಎರಡನೆಯದು ಮಾದರಿಯ ತಾರೀಖು ಕೊಡುತ್ತದೆ. ಈ ಎರಡೂ ಸಣ್ಣಕ್ಷರದವು ಎಂಬುದನ್ನು ಗಮನಿಸಿ. ಲೋಕಲ್‌ಟೈಮನ್ನು ಎರಡು ಹೊತ್ತಿನ ನಡುವಿನ ಲೆಕ್ಕಕ್ಕೆ ಬಳಸಿ, ಗಂಟೆ ಕೇಳಲು ಬಳಸಬೇಡಿ.

ಇನ್ನು ಯಾದೃಚ್ಛಿಕ ಸಂಖ್ಯೆಗಳು, ಅಂದರೆ ರ‍್ಯಾಂಡಮ್ ನಂಬರ್. ರೋಗಿ ಯಾವಾಗ ಬರುತ್ತಾನೆ, ತಪಾಸಣೆಗೆ ಎಷ್ಟು ಹೊತ್ತು ಹಿಡಿಯುತ್ತದೆ ಎಂಬುದೆಲ್ಲ ಇವುಗಳ ಮೇಲೆ ನಿಂತಿದೆ. ಎಕ್ಸ್‌ಪೆರಿಮೆಂಟಿನ ರ‍್ಯಾಂಡಮ್‌ನೆಸ್ ಭಾಗದಲ್ಲಿ "ಫಿಕ್ಸ್ಡ್ ಸೀಡ್" ಆರಿಸಿದರೆ ಪ್ರತಿ ಸಲವೂ ಅದೇ ಸಂಖ್ಯೆಗಳ ಸರಣಿ ಬರುತ್ತದೆ. ಸೀಡ್ ಎಂದರೆ ಆ ಸರಣಿ ಎಲ್ಲಿಂದ ಆರಂಭವಾಗಬೇಕೆಂಬ ಗುರುತು. ಹಾಗೆ ಮಾಡಿದಾಗಲೇ ಇಬ್ಬರು ವೈದ್ಯರಿದ್ದರೆ ಏನು, ಮೂವರಿದ್ದರೆ ಏನು ಎಂಬುದನ್ನು ನ್ಯಾಯವಾಗಿ ಹೋಲಿಸಬಹುದು, ನಿಮ್ಮ ಫಲಿತಾಂಶವನ್ನು ಗೈಡ್ ತಮ್ಮ ಕಂಪ್ಯೂಟರಿನಲ್ಲಿ ಮತ್ತೆ ಪಡೆಯಬಹುದು. ಆದರೆ ಕೋಡಿನಲ್ಲಿ ಎಲ್ಲೋ ಒಂದು ಕಡೆ "ಮ್ಯಾಥ್.ರ‍್ಯಾಂಡಮ್()" ಅಥವಾ "ನ್ಯೂ ರ‍್ಯಾಂಡಮ್()" ಎಂದು ಬರೆದಿದ್ದರೆ ಅವು ಈ ಸೀಡ್‌ನ ಮಾತು ಕೇಳುವುದಿಲ್ಲ. ತಮ್ಮದೇ ಸರಣಿ ಹೂಡುತ್ತವೆ. ಫಿಕ್ಸ್ಡ್ ಸೀಡ್ ಎಂದು ಬರೆದಿದ್ದರೂ ಪ್ರತಿ ಓಟಕ್ಕೂ ಬೇರೆ ಉತ್ತರ. ಕಾರಣ ಹುಡುಕಿ ಸುಸ್ತಾಗುವಿರಿ. ಬದಲಿಗೆ ಎನಿಲಾಜಿಕ್‌ನದೇ ಆದ ಯೂನಿಫಾರ್ಮ್, ಟ್ರಯಾಂಗ್ಯುಲರ್, ಎಕ್ಸ್‌ಪೊನೆನ್ಶಿಯಲ್, ರ‍್ಯಾಂಡಮ್‌ಟ್ರೂ ಫಂಕ್ಷನ್‌ಗಳನ್ನು ಬಳಸಿ.

ಇದರಲ್ಲೇ ಇನ್ನೂ ನವಿರಾದ ಒಂದು ಬಲೆ ಇದೆ. ಪಟ್ಟಿಯನ್ನು ಕಲೆಸಲು "ಕಲೆಕ್ಷನ್ಸ್.ಶಫಲ್(ಪಟ್ಟಿ)" ಎಂದು ಬರೆಯುತ್ತೇವೆ. ಇದರೊಳಗೂ ರ‍್ಯಾಂಡಮ್ ಅಡಗಿದೆ, ಅದಕ್ಕೂ ನಮ್ಮ ಸೀಡ್ ಗೊತ್ತಿಲ್ಲ. ಅದೃಷ್ಟಕ್ಕೆ ಶಫಲ್ ಎರಡನೇ ಅಂಶವಾಗಿ ಒಂದು ಜನರೇಟರನ್ನು ಒಪ್ಪುತ್ತದೆ. "ಕಲೆಕ್ಷನ್ಸ್.ಶಫಲ್(ಪಟ್ಟಿ, ಗೆಟ್‌ಡಿಫಾಲ್ಟ್‌ರ‍್ಯಾಂಡಮ್‌ಜನರೇಟರ್())" ಎಂದು ಬರೆದರೆ ಎನಿಲಾಜಿಕ್‌ನ ಜನರೇಟರೇ ಅಲ್ಲೂ ಕೆಲಸ ಮಾಡುತ್ತದೆ.

ಹ್ಯಾಶ್‌ಮ್ಯಾಪ್, ಹ್ಯಾಶ್‌ಸೆಟ್ ಎರಡಕ್ಕೂ ಒಳಗೆ ಹಾಕಿದ ಕ್ರಮ ನೆನಪಿರುವುದಿಲ್ಲ. ಅವುಗಳಲ್ಲಿ ಏಜೆಂಟ್‌ಗಳನ್ನು ಇಟ್ಟು, ಒಂದೊಂದಾಗಿ ತೆಗೆದು ಕೆಲಸ ಹಂಚಿದರೆ, ಇಂದು ಮೊದಲು ಬಂದ ಟ್ರಕ್ಕು ನಾಳಿನ ಓಟದಲ್ಲಿ ಮೂರನೆಯದಾಗಬಹುದು. ಅಲ್ಲಿಂದ ಮುಂದಿನದೆಲ್ಲ ಬದಲು. ಲಿಂಕ್ಡ್‌ಹ್ಯಾಶ್‌ಮ್ಯಾಪ್, ಲಿಂಕ್ಡ್‌ಹ್ಯಾಶ್‌ಸೆಟ್ ಸೇರಿಸಿದ ಕ್ರಮದಲ್ಲೇ ಕೊಡುತ್ತವೆ. ಅಭ್ಯಾಸಕ್ಕೆ ಅವನ್ನೇ ಇಟ್ಟುಕೊಳ್ಳಿ.

ಕಡತ ಓದುವ ವಿಷಯ ಬೇಗ ಮುಗಿಸುತ್ತೇನೆ. ಜಾವಾ.ಎನ್‌ಐಒ.ಫೈಲ್ ಎಂಬ ಪ್ಯಾಕೇಜಿನ ಫೈಲ್ಸ್ ಕ್ಲಾಸ್ ಇಂಪೋರ್ಟ್ ಮಾಡಿ "ರೀಡ್‌ಆಲ್‌ಲೈನ್ಸ್" ಕರೆದರೆ ಹೊಸ ದೋಷ ಬರುತ್ತದೆ: "ಅನ್‌ಹ್ಯಾಂಡಲ್ಡ್ ಎಕ್ಸೆಪ್ಶನ್ ಟೈಪ್ ಐಒಎಕ್ಸೆಪ್ಶನ್". ಕಡತ ಸಿಗದೇ ಹೋದರೆ ಏನು ಮಾಡಬೇಕೆಂದು ಹೇಳಿಲ್ಲ ಎಂಬುದು ಅದರ ತಕರಾರು. ಟ್ರೈ, ಕ್ಯಾಚ್ ಎಂಬ ಎರಡು ಆವರಣದೊಳಗೆ ಆ ಸಾಲನ್ನು ಇಟ್ಟು ಉತ್ತರ ಕೊಡಬೇಕು. ವಿಂಡೋಸ್‌ನಲ್ಲಿ ಕಡತದ ದಾರಿ ಬರೆಯುವಾಗ ಹಿಂದಕ್ಕೆ ವಾಲಿದ ಗೆರೆಯ ಬದಲು ಮುಂದಕ್ಕೆ ವಾಲಿದ ಗೆರೆ ಹಾಕಿ, ಜಾವಾ ಒಪ್ಪುತ್ತದೆ. ಇಷ್ಟಾಗಿಯೂ ಹೇಳುತ್ತೇನೆ, ಸಾಮಾನ್ಯ ಪಠ್ಯ ಕಡತಕ್ಕೂ ಎಕ್ಸೆಲ್‌ಗೂ ಕನೆಕ್ಟಿವಿಟಿ ಪ್ಯಾಲೆಟ್‌ನಲ್ಲಿ ಸಿದ್ಧ ಘಟಕಗಳಿವೆ. ಎಳೆದು ಹಾಕಿ, ಕಡತ ತೋರಿಸಿದರಾಯಿತು.

ಬೇರೆ ತಂತ್ರಾಂಶದಲ್ಲಿ ಹೇಗೆ?

ಗಾಳಿ, ನೀರು, ಬಿಸಿಯ ಹರಿವನ್ನು ಲೆಕ್ಕ ಹಾಕುವ ಸ್ಟಾರ್‌ಸಿಸಿಎಂ ಪ್ಲಸ್ ಕೂಡ ಜಾವಾ ಬಳಸುತ್ತದೆ. ಅಲ್ಲಿ ನೀವು ಬರೆಯುವ ಮ್ಯಾಕ್ರೊ ಒಂದು ಪೂರ್ತಿ ಜಾವಾ ಕಡತ, ಆದ್ದರಿಂದ ಇಂಪೋರ್ಟ್ ತನ್ನ ಸಹಜ ಜಾಗದಲ್ಲೇ, ತಲೆಯ ಮೇಲೆ. ನೀವು ಮಾಡುವ ಕೆಲಸವನ್ನು ರೆಕಾರ್ಡ್ ಮಾಡಿಸಿದರೆ ಜಾವಾ.ಯುಟಿಲ್ ಮತ್ತು ಸ್ಟಾರ್.ಕಾಮನ್‌ನ ಸಾಲುಗಳನ್ನು ಅದೇ ಬರೆದುಕೊಡುತ್ತದೆ. ಕಡತದ ಹೆಸರೂ ಒಳಗಿನ ಕ್ಲಾಸ್ ಹೆಸರೂ ಒಂದೇ ಇರಬೇಕು, ಅಷ್ಟೆ.

ಸೇತುವೆ, ಬೆಸುಗೆ, ಗೇರುಗಳ ಮೇಲಿನ ಒತ್ತಡ ಲೆಕ್ಕ ಹಾಕುವ ಅಬಾಕಸ್‌ನ ಭಾಷೆ ಪೈಥಾನ್. ಇಲ್ಲಿ ಇಂಪೋರ್ಟ್ ಅರ್ಥವೇ ಸ್ವಲ್ಪ ಬೇರೆ. ಪೈಥಾನ್‌ನಲ್ಲಿ ಇಂಪೋರ್ಟ್ ಎಂದರೆ ಆ ಕಡತವನ್ನು ಹುಡುಕಿ, ತೆರೆದು, ನಿಜವಾಗಿ ಓಡಿಸುವುದು. ಹಾಗಾಗಿ ಹೊಸ ಅಪಾಯವೊಂದಿದೆ. ಕೋಷ್ಟಕ ಬರೆಯುವ ಸಿಎಸ್‌ವಿ ಎಂಬ ಸ್ಟ್ಯಾಂಡರ್ಡ್ ಮಾಡ್ಯೂಲ್ ಬಳಸಲು ಹೊರಟು, ನಿಮ್ಮ ಸ್ಕ್ರಿಪ್ಟಿಗೇ "ಸಿಎಸ್‌ವಿ.ಪಿವೈ" ಎಂದು ಹೆಸರಿಟ್ಟಿದ್ದರೆ, ಪೈಥಾನ್ ಲೈಬ್ರರಿಯದನ್ನು ಬಿಟ್ಟು ನಿಮ್ಮ ಕಡತವನ್ನೇ ಎತ್ತಿಕೊಳ್ಳಬಹುದು. ರ‍್ಯಾಂಡಮ್, ಮ್ಯಾಥ್, ಟೈಮ್ ಎಂಬ ಹೆಸರುಗಳನ್ನೂ ಕಡತಕ್ಕೆ ಇಡಬೇಡಿ. ಅಬಾಕಸ್ ತನ್ನದೇ ಪೈಥಾನ್ ಹೊತ್ತು ತರುತ್ತದೆ. ಸ್ಟ್ಯಾಂಡರ್ಡ್ ಲೈಬ್ರರಿ ಅದರ ಜೊತೆಗಿದೆ, ಆದರೆ ಕಂಪ್ಯೂಟರಿನ ಇನ್ನೊಂದು ಪೈಥಾನ್‌ಗೆ ನೀವು ಪಿಪ್‌ನಿಂದ ಹಾಕಿದ್ದು ಅದಕ್ಕೆ ಕಾಣುವುದಿಲ್ಲ. 2024ರ ಆವೃತ್ತಿಯಲ್ಲಿ ಅದು ಪೈಥಾನ್ 2.7ರಿಂದ 3.10ಕ್ಕೆ ಬದಲಾಯಿತು. ಹಿರಿಯ ವಿದ್ಯಾರ್ಥಿಗಳಿಂದ ಬಂದ ಹಳೆಯ ಸ್ಕ್ರಿಪ್ಟು ಪ್ರಿಂಟ್ ಸಾಲಿನಲ್ಲೇ ಬಿದ್ದರೆ ಕಾರಣ ಇದೇ. ಪ್ರಿಂಟ್‌ಗೆ ಈಗ ಆವರಣ ಚಿಹ್ನೆ ಕಡ್ಡಾಯ.

ಖರ್ಚು ಎಷ್ಟು, ಎಲ್ಲಿ ಸಿಗುತ್ತದೆ?

ಸ್ಟ್ಯಾಂಡರ್ಡ್ ಲೈಬ್ರರಿಗೆ ಒಂದು ಪೈಸೆಯೂ ಇಲ್ಲ. ಅದು ಎನಿಲಾಜಿಕ್ ಜೊತೆಗೇ ಬರುವ ಜಾವಾದಲ್ಲಿದೆ, ಬೇರೆಯಾಗಿ ಜಾವಾ ಹಾಕಿಸುವ ಅಗತ್ಯವೂ ಇಲ್ಲ. ಲೈಬ್ರರಿಯಲ್ಲಿ ಇಲ್ಲದ ಹೊರಗಿನ ಕ್ಲಾಸ್ ಬೇಕೆಂದರೆ, ಉದಾಹರಣೆಗೆ ಅಪಾಚೆ ಕಾಮನ್ಸ್ ಮ್ಯಾಥ್, ಬರೀ ಇಂಪೋರ್ಟ್ ಸಾಲು ಸಾಲದು. ಅದರ ಜಾರ್ ಕಡತವನ್ನು, ಅಂದರೆ ಕ್ಲಾಸ್‌ಗಳನ್ನು ಕಟ್ಟಿಟ್ಟ ಗಂಟನ್ನು, ಮಾದರಿಯ ಪ್ರಾಪರ್ಟೀಸ್‌ನ ಡಿಪೆಂಡೆನ್ಸೀಸ್ ಭಾಗದಲ್ಲಿ ಮೊದಲು ಸೇರಿಸಬೇಕು.

ಎನಿಲಾಜಿಕ್‌ನಲ್ಲಿ ಕಲಿಯುವವರಿಗೆ ಪರ್ಸನಲ್ ಲರ್ನಿಂಗ್ ಎಡಿಷನ್ ಉಚಿತ. ಕಂಪನಿಯ ಅಧಿಕೃತ ಜಾಲತಾಣದಲ್ಲಿ ನಿಮ್ಮ ವಿವರ ತುಂಬಿ ಇಳಿಸಿಕೊಳ್ಳಬಹುದು. ವಿಂಡೋಸ್, ಮ್ಯಾಕ್, ಲಿನಕ್ಸ್ ಮೂರಕ್ಕೂ ಇದೆ. ಮಾದರಿಯ ಗಾತ್ರಕ್ಕೆ ಮಿತಿ ಉಂಟು, ಹಣ ಪಡೆದು ಮಾಡುವ ಕೆಲಸಕ್ಕೆ ಬಳಸುವಂತಿಲ್ಲ. ವಿಶ್ವವಿದ್ಯಾಲಯದ ಸಂಶೋಧನೆಗೂ ಉದ್ಯಮಕ್ಕೂ ಬೇರೆ ಬೇರೆ ಲೈಸೆನ್ಸ್ ಇದ್ದು ಅವಕ್ಕೆ ದುಡ್ಡು ಕೊಡಬೇಕು. ನಿಮ್ಮ ಕಾಲೇಜಿನ ಲ್ಯಾಬಿನಲ್ಲಿ ಆಗಲೇ ಇದೆಯೇ ಎಂದು ಮೊದಲು ವಿಚಾರಿಸಿ.

ಓದಲು ಬೇಕಾದ್ದೂ ಬಿಟ್ಟಿಯೇ. ಇಲ್ಯಾ ಗ್ರಿಗೊರ್ಯೆವ್ ಬರೆದ "ಎನಿಲಾಜಿಕ್ ಇನ್ ತ್ರೀ ಡೇಸ್" ಪಿಡಿಎಫ್ ಆಗಿ ಕಂಪನಿಯ ತಾಣದಲ್ಲಿ ಸಿಗುತ್ತದೆ. ಹೆಸರನ್ನು ನಂಬಿ ಮೂರೇ ದಿನದಲ್ಲಿ ಮುಗಿಸಲು ಹೋಗಬೇಡಿ. ತಂತ್ರಾಂಶದ ಹೆಲ್ಪ್ ಮೆನುವಿನಲ್ಲಿ ಮಾದರಿಗಳ ಉದಾಹರಣೆಗಳಿವೆ, ಅವುಗಳ ಅಡ್ವಾನ್ಸ್ಡ್ ಜಾವಾ ಮಡಿಕೆ ತೆರೆದು ಬೇರೆಯವರು ಏನು ಇಂಪೋರ್ಟ್ ಮಾಡಿದ್ದಾರೆಂದು ನೋಡಬಹುದು. ಯಾವ ಕ್ಲಾಸ್ ಯಾವ ಪ್ಯಾಕೇಜಿನಲ್ಲಿದೆ ಎಂದು ತಿಳಿಯಲು ಒರಾಕಲ್ ಕಂಪನಿಯ ಜಾವಾ ಎಪಿಐ ಕೈಪಿಡಿ ಅಂತರ್ಜಾಲದಲ್ಲಿ ಮುಕ್ತವಾಗಿದೆ. ಹುಡುಕುವ ಜಾಗದಲ್ಲಿ ಕ್ಲಾಸ್ ಹೆಸರು ಬರೆದು ಅದರ ಪುಟ ತೆರೆದರೆ ಪ್ಯಾಕೇಜಿನ ಹೆಸರು ತಲೆಯಲ್ಲೇ ಇರುತ್ತದೆ. ಅದರ ಮುಂದೆ ಒಂದು ಚುಕ್ಕಿ, ಆಮೇಲೆ ಕ್ಲಾಸ್ ಹೆಸರು, ಕೊನೆಗೆ ಸೆಮಿಕೋಲನ್. ಅದನ್ನು ಇಂಪೋರ್ಟ್ ಎಂಬ ಪದದ ಮುಂದೆ ಹಾಕಿ ಪೆಟ್ಟಿಗೆಗೆ ಸೇರಿಸಿ.